ಅನಾವೃಷ್ಟಿ ದೈವದ್ದು, ಕ್ಷಾಮ ಯಾರದು?

ಮಳೆ ಬಾರದಿರುವದು ಒಂದು ಸಂಗತಿ. ಮಳೆ ಬಾರದ್ದರಿಂದ ಜನರು ಹಸಿದು ಸಾಯುವದು ಬೇರೊಂದು ಸಂಗತಿ. ಮೊದಲನೆಯದಕ್ಕೆ ಅನಾವೃಷ್ಟಿಯೆಂದೂ ಎರಡನೆಯದಕ್ಕೆ ಕ್ಷಾಮವೆಂದೂ ನಮ್ಮ ಹಿರಿಯರು ಬೇರೆ ಬೇರೆ ಹೆಸರುಗಳನ್ನಿಟ್ಟರು. ಈ ಭೇದವನ್ನಳಿಸಿ ಎರಡನ್ನೂ ದೈವದ ತಲೆಗೆ ಕಟ್ಟುವದು ಆಳುವವರಿಗೆ ಎಲ್ಲ ಕಾಲಕ್ಕೂ ಅನುಕೂಲವಾದುದು. ವಾಚಕರು ಮಾತ್ರ ಅದನ್ನು ಮರೆಯಬಾರದು.

ಕರ್ನಾಟಕದ ಬಹುಭಾಗವು ಒಣನಾಡು. ಪಡುಗಡಲಿನಿಂದೇಳುವ ಮುಂಗಾರಿನ ಮೋಡಗಳು ಸಹ್ಯಾದ್ರಿಯ ಮೇಲೆಯೇ ತಮ್ಮ ಭಾರವನ್ನಿಳಿಸಿಬಿಡುವವು. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾದರೆ, ಬೆಟ್ಟದ ಮರೆಗೆ ಬಿದ್ದ ವಿಜಯಪುರ, ಬಳ್ಳಾರಿ, ಚಿತ್ರದುರ್ಗಗಳ ಸೀಮೆಗೆ ಅದರ ಹತ್ತನೆಯ ಒಂದು ಪಾಲು ಸಹ ದೊರೆಯುವದು ಕಷ್ಟ. 1907ರಲ್ಲಿ ಮುಗಿದ ಮಾರಿಕಣಿವೆಯ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಹರಿದುದು 2022ರಲ್ಲಿ. ನಡುವೆ 89 ವರ್ಷಗಳು ಸಂದವು. ಈ ಸೀಮೆಯಲ್ಲಿ ಬರವು ಆಗೊಮ್ಮೆ ಈಗೊಮ್ಮೆ ಬರುವ ಅತಿಥಿಯಲ್ಲ, ಮನೆಯವರಲ್ಲೊಬ್ಬ.

ಆದರೂ ಬರವೆಲ್ಲ ಕ್ಷಾಮವಾಗಬೇಕೆಂಬ ನಿಯಮವಿಲ್ಲ. ಇದಕ್ಕೆ 1876-78ರ ಘೋರ ಕಾಲವೇ ಸಾಕ್ಷಿ. ಆಗ ಮೈಸೂರು ಬ್ರಿಟಿಷ್ ಕಮಿಶನರರ ಆಡಳಿತದಲ್ಲಿದ್ದಿತು. ದಕ್ಷಿಣದ ಬೀದಿಗಳಲ್ಲಿ ಜನರು ಕುಸಿದು ಬೀಳುತ್ತಿರುವಾಗಲೇ, 1877ರ ಜನವರಿ 1ರಂದು, ವೈಸರಾಯ್ ಲಿಟ್ಟನ್ ದಿಲ್ಲಿಯಲ್ಲಿ ದರ್ಬಾರನ್ನು ನಡೆಯಿಸಿದನು. ಧಾನ್ಯದ ವ್ಯಾಪಾರದಲ್ಲಿ ಸರಕಾರವು ಕೈಯಿಡಕೂಡದೆಂಬ ಸಿದ್ಧಾಂತಕ್ಕೆ ಜನರ ಪ್ರಾಣಕ್ಕಿಂತ ಹೆಚ್ಚಿನ ಬೆಲೆ ಬಂದಿತು. ಸರ್ ರಿಚರ್ಡ್ ಟೆಂಪಲ್ಲನು ಪರಿಹಾರದ ಕೆಲಸ ಮಾಡುವ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ಕಾಸು ಸಾಕೆಂದು ಗೊತ್ತುಪಡಿಸಿದನು. ದುಡಿಯುವ ದೇಹಕ್ಕೆ ಅದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್‌ನೇ ವಿರೋಧಿಸಬೇಕಾಯಿತು. 1871ರ ಖಾನೇಷುಮಾರಿಯಲ್ಲಿ ಸುಮಾರು 50 ಲಕ್ಷ 55 ಸಾವಿರವಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 41 ಲಕ್ಷ 86 ಸಾವಿರಕ್ಕಿಳಿಯಿತು. ಇಷ್ಟು ಜನರ ಲೆಕ್ಕವನ್ನು ಮೋಡಗಳಿಂದ ಕೇಳಲಾಗದು.

ತಪ್ಪಿನ ಅರಿವು ಅಂದಿನ ಸರಕಾರಕ್ಕೂ ತಡವಾಗಿ ಆಯಿತು. 1880ರಲ್ಲಿ ಕ್ಷಾಮ ಆಯೋಗದ ವರದಿ ಹೊರಟಿತು. ಅದರ ಹಿಂದೆಯೇ ಕ್ಷಾಮಸಂಹಿತೆಗಳು ಬಂದವು. ಜನರನ್ನು ಬದುಕಿಸುವದು ಸರಕಾರದ ಕರ್ತವ್ಯವೆಂಬ ತತ್ತ್ವವು ಲಿಖಿತವಾಯಿತು. ಸ್ವತಂತ್ರ ಭಾರತದಲ್ಲಿ 1876ರಂತಹ ಸಾವುಗಳನ್ನು ನಾವು ಕಂಡಿಲ್ಲ. ಮತ ಕೊಡುವ ಪ್ರಜೆ, ಬಾಯಿ ಬಿಡುವ ಪತ್ರಿಕೆ, ಪಡಿತರದ ಅಂಗಡಿ, ಇವು ಮೂರೂ ಕೂಡಿ ಸಾಧಿಸಿದ ಈ ಫಲವು ಸಣ್ಣದಲ್ಲ.

ಆದರೆ ಪ್ರಾಣವುಳಿಸಿದ ಮಾತ್ರಕ್ಕೆ ಕರ್ತವ್ಯ ಮುಗಿಯಿತೇ? 2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟವು. ರಾಜ್ಯವು ಕೇಂದ್ರದಿಂದ 18,000 ಕೋಟಿಗೂ ಮಿಕ್ಕಿ ನೆರವು ಬೇಡಿತು. ಕೊಡದಿರಲು 2024ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಬಾಗಿಲಿಗೆ ಹೋಯಿತು. ಎಪ್ರಿಲ್ ಕೊನೆಯಲ್ಲಿ ಸುಮಾರು 3,450 ಕೋಟಿ ಬಂದಿತು. ಬೇಡಿಕೆ ಹೆಚ್ಚಾಯಿತೋ ಕೊಡುಗೆ ಕಡಿಮೆಯಾಯಿತೋ ಎಂಬ ವಾದವು ಪಕ್ಷಗಳಿಗಿರಲಿ. ಮುಂಗಾರಿನಲ್ಲಿ ಕೆಟ್ಟ ಬೆಳೆಯ ಪರಿಹಾರವು ಮರುಮುಂಗಾರಿನ ಹೊಸ್ತಿಲಿಗೆ ಬಂದಿತೆಂಬುದೇ ನಮ್ಮ ಆಕ್ಷೇಪ. ಅಷ್ಟರಲ್ಲಿ ರೈತನು ಎತ್ತು ಮಾರಿದ್ದನು, ಸಾಲ ತಂದಿದ್ದನು, ಗುಳೆ ಹೋಗಿದ್ದನು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು.

ಇದಕ್ಕೂ ಮೂಲವಾದ ದೋಷವೊಂದಿದೆ. ನಾವು ಬರವನ್ನು ಎದುರಿಸುವದು ಹಣದಿಂದ. ನಮ್ಮ ಹಿರಿಯರು ಎದುರಿಸಿದುದು ಕೆರೆಯಿಂದ. ಕೆರೆಯ ದುರಸ್ತಿಗೆಂದು ಅವರು ಮಾನ್ಯದ ಭೂಮಿ ಬಿಟ್ಟರು, ತೂಬು ಕಾಯಲು ನೀರುಗಂಟಿಯನ್ನು ನೇಮಿಸಿದರು. ಇಂದು ಅನೇಕ ಕೆರೆಗಳಲ್ಲಿ ಹೂಳಿದೆ, ಒತ್ತುವರಿಯಿದೆ, ನೀರುಗಂಟಿಯಿಲ್ಲ. ತುಂಗಭದ್ರೆಯ ಜಲಾಶಯವೇ 133 ಟಿ.ಎಂ.ಸಿ. ಅಡಿಯಿಂದ ಸುಮಾರು 105ಕ್ಕೆ ಕುಗ್ಗಿದೆ. ಉಳಿದ ಎಡೆಯನ್ನೆಲ್ಲ ಹೂಳು ನುಂಗಿತು. ಬಿದ್ದ ಮಳೆಯನ್ನು ಹಿಡಿದಿಡಲಾರದ ನಾಡು ಬಾರದ ಮಳೆಯನ್ನು ದೂರುವದು ನ್ಯಾಯವಲ್ಲ.

ಅಧಿಕಾರಿವರ್ಗದಲ್ಲಿ ನಮ್ಮ ವಾಚಕರು ಅನೇಕರಿದ್ದಾರೆ. ಅವರನ್ನು ನಾವು ಕೇಳುವದು ಮೂರು ಮಾತುಗಳು. ಬರದ ಘೋಷಣೆಯಾದೊಡನೆ ನೆರವಿನ ಮೊದಲ ಕಂತು ತಾನಾಗಿ ಹೊರಡಲಿ; ಲೆಕ್ಕದ ತಕರಾರು ಆಮೇಲೆ ನಡೆಯಲಿ. ಹೂಳೆತ್ತುವ ಕೆಲಸವು ಒಳ್ಳೆಯ ಮಳೆಯ ವರ್ಷಗಳಲ್ಲಿಯೂ ನಿಲ್ಲದಿರಲಿ. ಪ್ರತಿ ಕೆರೆಗೂ ಹೊಣೆಗಾರನೊಬ್ಬನಿರಲಿ, ಆತನ ಹೆಸರು ಊರಿಗೆ ಗೊತ್ತಿರಲಿ. ಮುಂದಿನ ಬರವು ಬಂದೇ ಬರುವದು. ಅದನ್ನು ತಡೆಯುವ ಶಕ್ತಿ ಯಾವ ಸರಕಾರಕ್ಕೂ ಇಲ್ಲ. ಅದಕ್ಕೆ ಸಿದ್ಧವಾಗಿರದ ಸರಕಾರಕ್ಕೆ ದೈವವನ್ನು ಹೆಸರಿಸುವ ಅಧಿಕಾರವೂ ಇಲ್ಲ.