ಹೊಸ ಗ್ಯಾಸ್ ಒಲೆ: ಜ್ವಾಲೆಯ ಪರೀಕ್ಷೆ ಮೊದಲು, ಬಿಲ್ಲಿನ ಕೊನೆಯ ಕಂತು ನಂತರ

2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದ ತರುವಾಯ ಕೆ.ಜಿ.ಎಫ್. ಪ್ರದೇಶದ ವಹಿವಾಟಿನಲ್ಲಿ ಹೋಟೆಲು, ಬೇಕರಿ, ಸಿಹಿತಿಂಡಿ ತಯಾರಿಕೆಯಂತಹ ಸಣ್ಣ ಉದ್ದಿಮೆಗಳ ಪಾತ್ರ ಹಿರಿದಾಗಿದೆ. ರೈಲ್ವೆ ಜಂಕ್ಷನ್ ಆದ ಬಂಗಾರಪೇಟೆಯ ಹೆಸರನ್ನಂತೂ ಪಾನಿಪೂರಿಯೇ ಹೊರಗೆ ಕೊಂಡೊಯ್ದಿದೆ. ಇಂತಹ ಉದ್ದಿಮೆಗಳಲ್ಲಿ ಸೌದೆ ಒಲೆಯನ್ನೋ ಡೀಸೆಲ್ ಭಟ್ಟಿಯನ್ನೋ ತೆಗೆದು ಅನಿಲದ ಬರ್ನರ್ ಹಾಕಿಸಿದವರಿಂದ ಮೊದಲ ವಾರದಲ್ಲಿಯೇ ಕೇಳಿಬರುವ ದೂರುಗಳು ಬಹುಮಟ್ಟಿಗೆ ಒಂದೇ ಬಗೆಯವು: ಉರಿ ಹಳದಿಯಾಗಿದೆ, ಪಾತ್ರೆಗೆ ಮಸಿ ಹಿಡಿಯುತ್ತಿದೆ, ಭಟ್ಟಿ ನಡುನಡುವೆ ಆರಿಹೋಗುತ್ತಿದೆ. ಒಲೆ ಅಳವಡಿಸಿದವರು ಅನಿಲ ಸರಿಯಿಲ್ಲವೆನ್ನುತ್ತಾರೆ. ಅನಿಲದ ವಿತರಕರು ಒಲೆ ಸರಿಯಿಲ್ಲವೆನ್ನುತ್ತಾರೆ. ನಷ್ಟ ಮಾತ್ರ ವರ್ತಕನದು.

ಒಲೆಯನ್ನು ತಂದು ಜೋಡಿಸಿದ ಮಾತ್ರಕ್ಕೆ ಕೆಲಸ ಪೂರ್ಣಗೊಳ್ಳುವುದಿಲ್ಲ. ಜ್ವಾಲೆಯ ಪರೀಕ್ಷೆ ನಡೆದು, ಅದರ ಫಲಿತಾಂಶ ಲಿಖಿತವಾಗಿ ದಾಖಲಾದಾಗಲೇ ಅದು ಪೂರ್ಣ. ಬಿಲ್ಲಿನ ಕೊನೆಯ ಕಂತು ಅಲ್ಲಿಯವರೆಗೆ ಕಾಯುವುದು ನ್ಯಾಯ.

ಜ್ವಾಲೆ ಹೇಳುವ ಮಾತು

ಸರಿಯಾಗಿ ಉರಿಯುವ ಬರ್ನರಿನ ಜ್ವಾಲೆ ನೀಲಿಯಾಗಿ, ಸದ್ದಿಲ್ಲದೆ, ರಂಧ್ರಗಳಿಗೆ ಅಂಟಿಕೊಂಡು ನಿಲ್ಲುತ್ತದೆ. ಶೀತದೇಶಗಳ ಮನೆಗಳಲ್ಲಿ ಅಗ್ಗಿಷ್ಟಿಕೆಗೆ ಕೂರಿಸುವ ಅನಿಲ ಒಲೆಗಳಲ್ಲಿ ಅಂದಕ್ಕಾಗಿ ಹಳದಿ ಜ್ವಾಲೆಯನ್ನು ಬೇಕೆಂದೇ ಬರಿಸುವುದುಂಟು. ದುಡಿಮೆಯ ಒಲೆಯಲ್ಲಿ ಹಳದಿ ಬಣ್ಣವು ಅಪೂರ್ಣ ದಹನದ ಗುರುತು. ಎಲ್.ಪಿ.ಜಿ. ಪೂರ್ಣವಾಗಿ ಉರಿಯಲು ತನ್ನ ಗಾತ್ರದ ಸುಮಾರು 24ರಿಂದ 30 ಪಟ್ಟು ಗಾಳಿ ಬೇಕು. ಗಾಳಿಯ ಕಿಂಡಿ ಮುಚ್ಚಿದ್ದರೆ, ಧೂಳು ಅಥವಾ ಮೈದಾಹಿಟ್ಟು ಕಟ್ಟಿದ್ದರೆ, ಇಲ್ಲವೇ ಜೆಟ್ಟಿನ ರಂಧ್ರ ಅಗತ್ಯಕ್ಕಿಂತ ದೊಡ್ಡದಿದ್ದರೆ ಮಸಿಯೊಡನೆ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಸಹ ಹೊರಬರುತ್ತದೆ. ಕೋಲಾರ ಸೀಮೆ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದ್ದು, ಇಲ್ಲಿನ ಗಾಳಿ ಕರಾವಳಿಗಿಂತ ಹತ್ತರಲ್ಲೊಂದು ಪಾಲಿನಷ್ಟು ತೆಳು. ಆದುದರಿಂದ ಕಾರ್ಖಾನೆಯಲ್ಲಿ ಹೊಂದಿಸಿ ಕಳುಹಿಸಿದ ಗಾಳಿಯ ಕಿಂಡಿಯನ್ನು ಸ್ಥಳದಲ್ಲಿ ಮತ್ತೊಮ್ಮೆ ಪರಿಶೀಲಿಸುವುದು ಲೇಸು.

ಜ್ವಾಲೆ ಭೋರ್ಗರೆಯುತ್ತ ಬರ್ನರಿನಿಂದ ಮೇಲಕ್ಕೆ ಎದ್ದು ನಿಂತರೆ ಒತ್ತಡವೋ ಗಾಳಿಯೋ ಹೆಚ್ಚಾಗಿದೆ ಎಂದರ್ಥ. 'ಟಪ್' ಎಂಬ ಸದ್ದಿನೊಡನೆ ಉರಿ ಹಿಂದಕ್ಕೆ ಸರಿದು ಜೆಟ್ಟಿನ ಬಳಿ ಹತ್ತಿಕೊಂಡರೆ ಅದು ಅಪಾಯದ ಸೂಚನೆ. ಕವಾಟವನ್ನು ತಕ್ಷಣ ಮುಚ್ಚಬೇಕು. ಪೈಲಟ್ ಜ್ವಾಲೆಯಿರುವ ಬೇಕರಿ ಓವನ್ ಪದೇಪದೇ ಆರುತ್ತಿದ್ದರೆ, ಥರ್ಮೋಕಪಲ್‌ನ ತುದಿ ಆ ಜ್ವಾಲೆಗೆ ಸರಿಯಾಗಿ ತಾಗುತ್ತಿದೆಯೇ ಎಂಬುದನ್ನು ಮೊದಲು ನೋಡಬೇಕು. ಆ ಭಾಗವು ಬಿಸಿಯಾಗದಿದ್ದರೆ ಸುರಕ್ಷಾ ಕವಾಟವು ಅನಿಲವನ್ನು ತಾನಾಗಿ ನಿಲ್ಲಿಸುತ್ತದೆ. ಇದನ್ನೇ ದೋಷವೆಂದು ತಿಳಿದು ಕವಾಟವನ್ನು ಕಟ್ಟಿಹಾಕುವುದು ಅನಾಹುತಕ್ಕೆ ದಾರಿ.

ದೋಷದ ಮೂಲವನ್ನು ಗುರುತಿಸಲು ಸರಳವಾದ ಒಂದು ಕ್ರಮವಿದೆ. ಒಂದೇ ಬರ್ನರ್ ಕೆಟ್ಟು ಉರಿದರೆ ದೋಷ ಆ ಬರ್ನರಿನಲ್ಲಿದೆ. ಎಲ್ಲವೂ ಕೆಟ್ಟು ಉರಿದರೆ ರೆಗ್ಯುಲೇಟರ್, ಕೊಳವೆ ಅಥವಾ ಸಿಲಿಂಡರಿನ ಕಡೆಗೆ ನೋಡಬೇಕು. ಹೊಸ ಕೊಳವೆಮಾರ್ಗದಲ್ಲಿ ಉಳಿದ ಕಬ್ಬಿಣದ ಚೂರು, ಜೋಡಣೆಗೆ ಬಳಸಿದ ಅಂಟಿನ ತುಣುಕುಗಳು ಜೆಟ್ಟನ್ನು ಸೇರಿ ಉರಿಯನ್ನು ಕುಗ್ಗಿಸುವುದುಂಟು. ಆಗ ಪಿನ್ನು ಚುಚ್ಚಿ ಜೆಟ್ಟನ್ನು ಬಿಡಿಸುವ ರೂಢಿ ತಪ್ಪು. ರಂಧ್ರ ಕೂದಲೆಳೆಯಷ್ಟು ಅಗಲವಾದರೂ ಅನಿಲದ ಪ್ರಮಾಣ ಹೆಚ್ಚಿ, ಜ್ವಾಲೆ ಹಳದಿಗೆ ತಿರುಗುತ್ತದೆ.

ಒತ್ತಡದ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಗೃಹಬಳಕೆಯ ರೆಗ್ಯುಲೇಟರ್ ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಅನಿಲ ನೀಡುತ್ತದೆ; ಹೋಟೆಲುಗಳ ದೊಡ್ಡ ಭಟ್ಟಿಗಳಲ್ಲಿ ಹಲವು ಇದರ ಎಷ್ಟೋ ಪಟ್ಟು ಹೆಚ್ಚಿನ ಒತ್ತಡವನ್ನು ಬೇಡುತ್ತವೆ. ಒಂದಕ್ಕೆ ಇನ್ನೊಂದನ್ನು ಜೋಡಿಸಿದರೆ ಉರಿಯೂ ಕೆಡುತ್ತದೆ, ಅಪಾಯವೂ ಇದೆ. ಒಂದೇ 19 ಕಿಲೋ ಸಿಲಿಂಡರಿಗೆ ಹಲವು ಬರ್ನರುಗಳನ್ನು ಜೋಡಿಸಿದರೆ ದ್ರವ ಅನಿಲವು ಆವಿಯಾಗುವ ವೇಗ ಸಾಲದೆ ಸಿಲಿಂಡರಿನ ಹೊರಮೈ ತಣ್ಣಗಾಗಿ, ಉರಿ ಕುಗ್ಗುತ್ತದೆ. ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಈ ತೊಂದರೆ ಹೆಚ್ಚು. ಇದಕ್ಕೆ ಪರಿಹಾರ ಸಿಲಿಂಡರುಗಳನ್ನು ಸರಿಯಾದ ಕ್ರಮದಲ್ಲಿ ಒಟ್ಟುಗೂಡಿಸುವುದೇ ಹೊರತು ಸಿಲಿಂಡರಿಗೆ ಬಿಸಿ ತಾಗಿಸುವುದಲ್ಲ.

ಲೆಕ್ಕದಲ್ಲಿ ಕಾಣದ ನಷ್ಟ

ತಿಂಗಳಿಗೆ 19 ಕಿಲೋದ 30 ಸಿಲಿಂಡರ್ ಬಳಸುವ ಒಂದು ಹೋಟೆಲನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಒಟ್ಟು ಬಳಕೆ 570 ಕಿಲೋ. ಕೆಟ್ಟ ಜ್ವಾಲೆಯಿಂದ ಶೇ. 10ರಷ್ಟು ಪೋಲಾದರೂ 57 ಕಿಲೋ, ಅಂದರೆ ಮೂರು ಪೂರ್ಣ ಸಿಲಿಂಡರುಗಳು ವ್ಯರ್ಥ. ಖಾತೆಪುಸ್ತಕದಲ್ಲಿ ಇದು 'ಇಂಧನ ವೆಚ್ಚ' ಎಂಬ ಶೀರ್ಷಿಕೆಯಡಿ ಸೇರಿಹೋಗುವುದರಿಂದ ನಷ್ಟವೆಂದು ಕಣ್ಣಿಗೆ ಬೀಳುವುದಿಲ್ಲ. ಇದಲ್ಲದೆ, ಹೂಡುವಳಿ ತೆರಿಗೆ ಜಮೆಯಿಲ್ಲದೆ ಶೇ. 5ರ ದರದಲ್ಲಿ ಜಿ.ಎಸ್.ಟಿ. ಕಟ್ಟುವ ಹೋಟೆಲುಗಳಿಗೆ ವಾಣಿಜ್ಯ ಸಿಲಿಂಡರಿನ ಮೇಲಿನ ಶೇ. 18ರ ತೆರಿಗೆ ಪೂರ್ತಿಯಾಗಿ ವೆಚ್ಚವೇ ಆಗುತ್ತದೆ. ದಿನದ ಸಿಲಿಂಡರ್ ಬಳಕೆಯನ್ನು ಮಾರಾಟದೊಡನೆ ಹೋಲಿಸಿ ಬರೆದಿಡುವವರಿಗೆ ಒಲೆಯ ದೋಷ ಒಂದು ವಾರದಲ್ಲಿ ತಿಳಿಯುತ್ತದೆ. ಉಳಿದವರಿಗೆ ವರ್ಷಾಂತ್ಯದಲ್ಲಿಯೂ ತಿಳಿಯಲಾರದು.

ಕಾನೂನಿನ ಆಸರೆ, ಅದರ ಮಿತಿ

ಗ್ರಾಹಕರ ವೇದಿಕೆಗೆ ಹೋದರಾಯಿತು ಎಂಬ ಭಾವನೆ ವ್ಯಾಪಕವಾಗಿದೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕರೆಂದು ಪರಿಗಣಿಸುವುದಿಲ್ಲ; ಸ್ವಯಂ ಉದ್ಯೋಗದ ಜೀವನೋಪಾಯಕ್ಕಾಗಿ ಮಾತ್ರ ಕೊಂಡವರಿಗೆ ವಿನಾಯಿತಿಯಿದೆ. ಉಳಿದವರಿಗೆ 1930ರ ಸರಕು ಮಾರಾಟ ಕಾಯಿದೆಯೇ ಆಧಾರ. ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ, ಮಾರುವವನ ಪರಿಣತಿಯನ್ನು ನಂಬಿ ಕೊಂಡಾಗ, ಸರಕು ಆ ಉದ್ದೇಶಕ್ಕೆ ತಕ್ಕುದಾಗಿರಬೇಕೆಂಬ ಷರತ್ತು ಅದರ 16ನೇ ಪ್ರಕರಣದಲ್ಲಿ ಅಡಕವಾಗಿದೆ. ಆದುದರಿಂದ ಖರೀದಿ ಆದೇಶದಲ್ಲಿ 'ಒಂದು ಭಟ್ಟಿ' ಎಂದಷ್ಟೇ ಬರೆಯದೆ, ಯಾವ ಕೆಲಸಕ್ಕೆ, ಯಾವ ಅನಿಲಕ್ಕೆ, ಎಷ್ಟು ಬರ್ನರುಗಳು ಏಕಕಾಲದಲ್ಲಿ ಉರಿಯಬೇಕು ಎಂಬುದನ್ನು ಬರೆಯತಕ್ಕದ್ದು.

ಹಣ ತಡೆಹಿಡಿಯುವುದಕ್ಕೂ ಮಿತಿಯಿದೆ. ಒಲೆ ಅಳವಡಿಸುವವರೂ ಸಣ್ಣ ಉದ್ಯಮಿಗಳೇ. ಪೂರೈಕೆದಾರರು ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದಲ್ಲಿ, ಒಪ್ಪಂದವಿದ್ದರೂ 45 ದಿನಗಳಿಗಿಂತ ಹೆಚ್ಚು ಕಾಲ ಪಾವತಿಯನ್ನು ಮುಂದೂಡಲು 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆ ಅವಕಾಶ ನೀಡುವುದಿಲ್ಲ. ಆದರೆ ಪೂರೈಕೆಯಾದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿದರೆ, ದೋಷ ನಿವಾರಣೆಯಾದ ದಿನದಿಂದಲೇ ಅವಧಿಯ ಎಣಿಕೆ ಆರಂಭವಾಗುತ್ತದೆ. ಫೋನಿನಲ್ಲಿ ಹತ್ತು ಸಲ ಹೇಳಿದ್ದಕ್ಕಿಂತ ಒಂದು ಪತ್ರ ಕಳುಹಿಸಿದ್ದಕ್ಕೆ ಬೆಲೆ ಹೆಚ್ಚು.

ಆಗಬೇಕಾದ ಕಾರ್ಯ

ಪರೀಕ್ಷೆಗೆ ಅರ್ಧ ದಿನ ಸಾಕು. ಎಲ್ಲಾ ಬರ್ನರುಗಳನ್ನು ಒಟ್ಟಿಗೆ ಹಚ್ಚಿ, ಎಕ್ಸಾಸ್ಟ್ ಫ್ಯಾನನ್ನೂ ಹಾಕಿ, ನಿತ್ಯ ಬಳಸುವ ಪಾತ್ರೆಗಳನ್ನೇ ಇಟ್ಟು ಒಂದು ಗಂಟೆ ನೋಡಬೇಕು. ಜೋಡಣೆಗಳನ್ನು ಸೋಪಿನ ನೊರೆಯಿಂದ ಪರೀಕ್ಷಿಸಬೇಕು, ಬೆಂಕಿಕಡ್ಡಿ ಸಲ್ಲದು. ಎಲ್.ಪಿ.ಜಿ. ಗಾಳಿಗಿಂತ ಭಾರವಾಗಿ ನೆಲದಲ್ಲಿಯೇ ಹರಡುವುದರಿಂದ ಕೆಳಮಟ್ಟದಲ್ಲಿ ಗಾಳಿಯಾಡುವ ಕಿಂಡಿ ಇರಲೇಬೇಕು. ಜೆಟ್ಟಿನ ಅಳತೆ, ರೆಗ್ಯುಲೇಟರಿನ ಒತ್ತಡ, ಜ್ವಾಲೆಯ ಬಣ್ಣ, ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಬೇಕು. ಬಿಲ್ಲಿನ ಹತ್ತನೇ ಒಂದು ಭಾಗವನ್ನು ಈ ಸಹಿಯ ನಂತರವೇ ಪಾವತಿಸುವುದೆಂದು ಆದೇಶದಲ್ಲಿಯೇ ನಮೂದಿಸಬೇಕು.

ಇಂತಹ ಒಂದು ಮಾದರಿ ಹಾಳೆಯನ್ನು ವಾಣಿಜ್ಯ ಸಂಘವೇ ಸಿದ್ಧಪಡಿಸಿ, ಈ ಭಾಗದ ಅಡುಗೆಮನೆಗಳಲ್ಲಿ ಆಡುವ ಕನ್ನಡ, ತಮಿಳು, ತೆಲುಗು ಮೂರೂ ಭಾಷೆಗಳಲ್ಲಿ ಮುದ್ರಿಸಿ ಸದಸ್ಯರಿಗೆ ಹಂಚುವುದು ಸೂಕ್ತ. ಒಲೆಯ ಮುಂದೆ ದಿನವಿಡೀ ನಿಲ್ಲುವವನು ಮಾಲೀಕನಲ್ಲ, ಕೆಲಸಗಾರ. ಹಳದಿ ಉರಿಯ ಅರ್ಥ ಆತನಿಗೆ ತಿಳಿದಿದ್ದರೆ ಅಂಗಡಿಯ ಹಣವೂ ಉಳಿಯುತ್ತದೆ, ಆತನ ಪ್ರಾಣಕ್ಕೂ ರಕ್ಷಣೆ ದೊರೆಯುತ್ತದೆ.