ಕೇಳದೆ ಹೇರಿದ ಪ್ರಗತಿ

ಮುಸ್ಲಿಮ್ ರಾಷ್ಟ್ರಗಳ ಹಿಂದುಳಿಯುವಿಕೆಗೆ ಧರ್ಮವೇ ಕಾರಣವೆಂಬುದು ನಮ್ಮ ಬುದ್ಧಿಜೀವಿಗಳಲ್ಲಿ ಹಲವರ ಸಿದ್ಧ ಉತ್ತರ. ಹಾಗೆನ್ನುವವರು ಇರಾನಿನ ಚರಿತ್ರೆಯನ್ನೊಮ್ಮೆ ಓದಬೇಕು. ಅಲ್ಲಿನ ಆಧುನೀಕರಣಕ್ಕೆ ತೈಲದ ಹಣವಿತ್ತು, ಯಂತ್ರಗಳಿದ್ದವು, ವಿದೇಶಿ ತಜ್ಞರಿದ್ದರು. ಜನರ ಒಪ್ಪಿಗೆಯೊಂದನ್ನು ಮಾತ್ರ ಯಾರೂ ಕೇಳಲಿಲ್ಲ.

1936ರಲ್ಲಿ ರೆಝಾ ಶಾ ಪರ್ದಾವನ್ನು ನಿಷೇಧಿಸಿದ. ಬೀದಿಯಲ್ಲಿ ಕಂಡ ಮಹಿಳೆಯರ ತಲೆವಸ್ತ್ರವನ್ನು ಪೊಲೀಸರು ಕಿತ್ತೆಸೆದರು. ಸ್ತ್ರೀಯನ್ನು ಮನೆಯಿಂದ ಹೊರತರಲೆಂದೇ ಹೊರಟ ಈ ಆಜ್ಞೆಯಿಂದಾಗಿ ಅದೆಷ್ಟೋ ಮಹಿಳೆಯರು ಹೊಸ್ತಿಲು ದಾಟುವುದನ್ನೇ ಬಿಟ್ಟರು.

ಜನರ ಒಪ್ಪಿಗೆಯಿಂದ ದೇಶ ಕಟ್ಟುವ ಅವಕಾಶವೂ ಒಮ್ಮೆ ಒದಗಿತ್ತು. 1951ರಲ್ಲಿ ಇರಾನಿನ ಸಂಸತ್ತು ತೈಲವನ್ನು ರಾಷ್ಟ್ರೀಕರಣಗೊಳಿಸಿತು. ಪ್ರಧಾನಿ ಮುಸದ್ದಿಕ್ ಅದನ್ನು ಜಾರಿಗೆ ತರಲು ಹೊರಟರು. ಸ್ವಂತ ಸಂಪತ್ತನ್ನು ಸ್ವಂತ ಸಂಸತ್ತಿನ ತೀರ್ಮಾನದಂತೆ ಬಳಸುವುದು ಆಧುನಿಕತೆಯಲ್ಲದೆ ಮತ್ತೇನು? ಆದರೆ 1953ರ ಆಗಸ್ಟ್‌ನಲ್ಲಿ ಅಮೇರಿಕ ಮತ್ತು ಬ್ರಿಟನ್‌ಗಳ ಗುಪ್ತಚರ ಸಂಸ್ಥೆಗಳು ಸಂಚು ಹೂಡಿ ಆ ಸರಕಾರವನ್ನು ಉರುಳಿಸಿದವು. 2013ರಲ್ಲಿ ಬಹಿರಂಗಗೊಂಡ ಸಿಐಎ ದಾಖಲೆಗಳೇ ಇದನ್ನು ಒಪ್ಪಿವೆ. ಜಗತ್ತಿಗೆ ಪ್ರಜಾಪ್ರಭುತ್ವದ ಪಾಠ ಹೇಳುವವರ ಕೈಚಳಕವಿದು!

ಅನಂತರ ನಿರಂಕುಶನಾದ ಮುಹಮ್ಮದ್ ರೆಝಾ ಶಾ 1963ರಲ್ಲಿ 'ಶ್ವೇತಕ್ರಾಂತಿ' ಘೋಷಿಸಿದ. ಭೂಹಂಚಿಕೆ, ಹಳ್ಳಿಗಳಿಗೆ ಸಾಕ್ಷರತಾ ದಳ, ಮಹಿಳೆಯರಿಗೆ ಮತದಾನದ ಹಕ್ಕು ಇವು ಕೆಟ್ಟ ಕಾರ್ಯಕ್ರಮಗಳೆಂದು ಹೇಳಲಾಗದು. ಆದರೆ ತುಂಡು ಭೂಮಿಯಲ್ಲಿ ಬದುಕಲಾಗದವರೂ ಭೂಮಿಯೇ ಸಿಗದವರೂ ದಕ್ಷಿಣ ಟೆಹ್ರಾನಿನ ಕೊಳೆಗೇರಿಗಳನ್ನು ಸೇರಿದರು. ರಾಜಧಾನಿಗೆ ಸರಿಯಾದ ಒಳಚರಂಡಿಯೂ ಇಲ್ಲದಿದ್ದ ಆ ಕಾಲದಲ್ಲಿ, 1971ರ ರಾಜೋತ್ಸವದ ಔತಣವನ್ನು ಪ್ಯಾರಿಸ್‌ನ ಮ್ಯಾಕ್ಸಿಮ್ಸ್ ಹೋಟೆಲಿನಿಂದ ತರಿಸಲಾಯಿತು. ಇನ್ನು ಆ ಮತದಾನದ ಹಕ್ಕು? 1975ರಲ್ಲಿ ದೇಶಕ್ಕೆ ಒಂದೇ ಪಕ್ಷವೆಂದು ಶಾ ಸಾರಿದ. ಸೇರಲೊಲ್ಲದವರಿಗೆ ಜೈಲು, ಇಲ್ಲವೇ ಗಡಿಯ ದಾರಿ.

ಇಷ್ಟನ್ನು ನಮ್ಮವರು ಉತ್ಸಾಹದಿಂದಲೇ ಓದುತ್ತಾರೆ. ಮುಂದಿನದಕ್ಕೆ ಬಂದಾಗ ಮೌನ. 1979ರಲ್ಲಿ ಶಾನನ್ನು ಓಡಿಸಿದ ಜನರಲ್ಲಿ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿದ್ದರು. ಹೊಸ ಸರಕಾರ 1983ರ ಹೊತ್ತಿಗೆ ಹಿಜಾಬನ್ನು ಕಾನೂನಿನ ಮೂಲಕ ಅವರ ಮೇಲೆ ಕಡ್ಡಾಯಗೊಳಿಸಿತು. ಅಂದು ಕಿತ್ತದ್ದೂ ಪೊಲೀಸ್, ಇಂದು ಹೊದಿಸಿದ್ದೂ ಪೊಲೀಸ್. ಮೊದಲನೆಯದು ದೌರ್ಜನ್ಯವಾದರೆ ಎರಡನೆಯದಕ್ಕೆ ಬೇರೆ ಹೆಸರು ಹುಡುಕುವುದೇಕೆ?

ಅದೇ ಸರಕಾರದ ಅವಧಿಯಲ್ಲಿ ಹೆಣ್ಣುಮಕ್ಕಳ ಶಿಕ್ಷಣ ಹಳ್ಳಿಹಳ್ಳಿಗೆ ತಲುಪಿತು ಎಂಬುದೂ ಸತ್ಯ. 2000ದ ದಶಕದ ಆರಂಭದಲ್ಲಿ ವಿಶ್ವವಿದ್ಯಾಲಯ ಪ್ರವೇಶಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅವರೇ. 2022ರ ಸೆಪ್ಟೆಂಬರ್‌ನಲ್ಲಿ ಮಹ್ಸಾ ಅಮೀನಿ ಪೊಲೀಸ್ ವಶದಲ್ಲಿ ಮೃತಪಟ್ಟಾಗ ಬೀದಿಗಿಳಿದದ್ದು, ಹೀಗೆ ಓದು ಕಲಿತ ಪೀಳಿಗೆ.