ಏರಿದ್ದು ಜೀಪು, ಅಚ್ಚಲ್ಲ

ಕಾಸರಗೋಡಿನ ಮೂಡಣ ಸೆರಗಿನಲ್ಲಿ, ದೇಲಂಪಾಡಿ, ಬೆಳ್ಳೂರು, ಎಣ್ಮಕಜೆಗಳ ಕಡೆ, ಡಾಮರು ಮುಗಿದ ಮೇಲೆ ಮನೆಗಳಿಗೂ ತೋಟಗಳಿಗೂ ಇಳಿಯುವ ದಾರಿಗಳು ಬಹುಪಾಲು ಒಂದೇ ಬಗೆಯವು. ಮುರಕಲ್ಲಿನ ಗುಡ್ಡವನ್ನು ಕಡಿದು ಮಾಡಿದ ಇಳಿಜಾರು. ಅದರಲ್ಲಿ ಗಾಲಿಗಳ ಎರಡು ಜಾಡು. ನಡುವೆ ಹುಲ್ಲು ಹಬ್ಬಿದ ದಿಬ್ಬ. ಮಳೆಗಾಲದಲ್ಲಿ ನೀರು ಹರಿಯುವುದೂ ಆ ಜಾಡುಗಳಲ್ಲಿಯೇ. ಹೀಗಾಗಿ ವರುಷದಿಂದ ವರುಷಕ್ಕೆ ಜಾಡು ಆಳವಾಗುತ್ತದೆ, ನಡುದಿಬ್ಬ ಎದ್ದು ನಿಲ್ಲುತ್ತದೆ. ಗೊಬ್ಬರದ ಮೂಟೆ, ಅಡಿಕೆಯ ಗೋಣಿ, ಶಾಲೆಯ ಮಕ್ಕಳು, ನಡುರಾತ್ರಿ ಆಸ್ಪತ್ರೆಗೆ ಹೊರಟ ರೋಗಿ, ಎಲ್ಲರಿಗೂ ಎಲ್ಲಕ್ಕೂ ಅಲ್ಲಿ ಜೀಪೇ ಗತಿ. ಅಂಥ ದಾರಿಯಲ್ಲಿ ಜೀಪಿನ ತಳ ದಿಬ್ಬಕ್ಕೆ ಉಜ್ಜುವ ಕರ್ಕಶ ಸದ್ದನ್ನು ಕೇಳದ ಚಾಲಕನಿಲ್ಲ.

ಸದ್ದು ಹೆಚ್ಚಾದಾಗ ಮಾಲಿಕನು ವರ್ಕ್‌ಶಾಪಿಗೆ ಹೋಗುತ್ತಾನೆ. ‘ಎರಡು ಮೂರು ಅಂಗುಲ ಏರಿಸಿದರೆ ಸರಿಹೋಗುತ್ತದೆ’ ಎಂಬ ಸಲಹೆ ದೊರೆಯುತ್ತದೆ. ಕಮಾನುಪಟ್ಟಿಗೆ ಹೊಸ ಎಲೆಗಳು ಸೇರುತ್ತವೆ. ಇಲ್ಲವೆ ಪಟ್ಟಿಯನ್ನೇ ಬದಲಿಸಲಾಗುತ್ತದೆ. ಜೀಪು ಎದೆಯೆತ್ತಿ ನಿಲ್ಲುತ್ತದೆ. ಮರುದಿನ ಅದೇ ಇಳಿಜಾರಿನಲ್ಲಿ, ಅದೇ ದಿಬ್ಬದ ಮೇಲೆ, ಅದೇ ಸದ್ದು! ಹಣವೂ ಹೋಯಿತು, ಅಂತರವೂ ದೊರೆಯಲಿಲ್ಲ. ಇದರ ಕಾರಣವನ್ನು ತಿಳಿಯಲು ಎಂಜಿನಿಯರಿಂಗ್ ಓದಬೇಕಾಗಿಲ್ಲ. ಹಳೆಯ ಎತ್ತಿನಗಾಡಿಯನ್ನು ನೆನೆದರೆ ಸಾಕು.

ಎತ್ತಿನಗಾಡಿಯಲ್ಲಿ ಎರಡು ಚಕ್ರಗಳನ್ನು ಕೂಡಿಸುವ ಅಚ್ಚು ನೇರವಾದುದು. ಅದು ಹಾಯುವುದು ಚಕ್ರದ ನಡುಗುಂಬದಲ್ಲಿ. ಚಕ್ರದ ವ್ಯಾಸ 5 ಅಡಿಯಾದರೆ ಅಚ್ಚು ನೆಲದಿಂದ ಎರಡೂವರೆ ಅಡಿ ಮೇಲಿರುತ್ತದೆ. ಗಾಡಿಯ ಮೇಲೆ ಎಷ್ಟು ಎತ್ತರದ ಕಮಾನು ಕಟ್ಟಿದರೂ, ಹುಲ್ಲನ್ನು ಎಷ್ಟು ಮೇಲಕ್ಕೆ ಹೇರಿದರೂ ಅಚ್ಚು ಒಂದು ಎಳೆಯಷ್ಟೂ ಏರದು. ಅದನ್ನು ಏರಿಸುವ ಉಪಾಯ ಒಂದೇ: ಚಕ್ರವನ್ನು ದೊಡ್ಡದು ಮಾಡುವುದು. ಕೆಸರನ್ನೂ ಹಳ್ಳವನ್ನೂ ದಾಟಬೇಕಾದ ಗಾಡಿಗೆ ನಮ್ಮ ಬಡಗಿಗಳು ಅಷ್ಟು ದೊಡ್ಡ ಚಕ್ರವನ್ನು ಕೊಟ್ಟದ್ದು ಈ ಲೆಕ್ಕವನ್ನು ಬಲ್ಲವರಾದ ಕಾರಣ.

ಹಳೆಯ ಜೀಪು ಇದೇ ಗಾಡಿಯ ವಂಶದ್ದು. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಹಿಂದೆಯೂ ಮುಂದೆಯೂ ಇದ್ದದ್ದು ನೇರವಾದ, ಗಟ್ಟಿಯಾದ ಅಚ್ಚು. 1947ರಿಂದ ಮುಂಬಯಿಯಲ್ಲಿ ಮಹೀಂದ್ರದವರು ಜೋಡಿಸತೊಡಗಿದ ಜೀಪುಗಳು ಅದರ ಪೀಳಿಗೆಯವು. ಆದರೆ ಜೀಪಿನ ಅಚ್ಚಿನಲ್ಲಿ ಗಾಡಿಗಿಲ್ಲದ ಒಂದು ಹೊರೆಯುಂಟು. ಎಂಜಿನ್ನಿನ ಶಕ್ತಿಯನ್ನು ಎರಡು ಗಾಲಿಗಳಿಗೆ ಹಂಚುವ ಡಿಫರೆನ್ಷಿಯಲ್ ಅದರಲ್ಲಿ ಗಡಿಗೆಯಂತೆ ಉಬ್ಬಿ ಕುಳಿತಿದೆ. ವಿಲ್ಲಿಸ್ ಜೀಪಿನ ಟಯರಿನ ವ್ಯಾಸ ಸುಮಾರು 28 ಅಂಗುಲ. ಅಚ್ಚಿನ ನಡುಗೆರೆ ನೆಲದಿಂದ ಸುಮಾರು 14 ಅಂಗುಲ ಮೇಲೆ. ಈ ಗಡಿಗೆಯು ಕೆಳಗೆ ಜೋತಿರುವುದರಿಂದ ಉಳಿಯುವ ಅಂತರ ಎಂಟೂಮುಕ್ಕಾಲು ಅಂಗುಲ ಮಾತ್ರ. ದಿಬ್ಬಕ್ಕೆ ಉಜ್ಜುವುದು ಬಹುಮಟ್ಟಿಗೆ ಈ ಗಡಿಗೆಯೇ.

ಕಮಾನುಪಟ್ಟಿಯು ಅಚ್ಚಿಗೂ ಚೌಕಟ್ಟಿಗೂ ನಡುವೆ ಇರುವ ವಸ್ತು. ಅದನ್ನು ಏರಿಸಿದಾಗ ಏರುವುದು ಅಚ್ಚಿನ ಮೇಲಿರುವುದೆಲ್ಲ: ಚೌಕಟ್ಟು, ಎಂಜಿನ್, ಗೇರ್‌ಬಾಕ್ಸ್, ಕುಳಿತ ಜನ. ಅಚ್ಚು ಇದ್ದಲ್ಲಿಯೇ ಇರುತ್ತದೆ. ಹಳೆಯ ಜೀಪು, ಮಾರುತಿ ಜಿಪ್ಸಿಗಳಲ್ಲಿ ಪಟ್ಟಿಗಳು ಅಚ್ಚಿನ ಕೆಳಗಿರುತ್ತವೆ. ಅವನ್ನು ಅಚ್ಚಿನ ಮೇಲಕ್ಕೆ ತಂದು ಕೂರಿಸುವವರೂ ಉಂಟು. ಅದರಿಂದ ವಾಹನವು ಒಮ್ಮೆಗೇ ನಾಲ್ಕೈದು ಅಂಗುಲ ಏರುತ್ತದೆ, ಗಾಲಿಯ ಬಳಿ ಕೆಳಗೆ ಚಾಚಿದ್ದ ಪಟ್ಟಿ-ಬೋಲ್ಟುಗಳೂ ಮರೆಯಾಗುತ್ತವೆ. ಗಡಿಗೆ ಮಾತ್ರ ಇದ್ದಲ್ಲಿಯೇ ಇದೆ. ಹಾಗೆಂದು ಈ ಏರಿಕೆ ವ್ಯರ್ಥವೆನ್ನಲಾಗದು. ಕಡಿದಾದ ಏರಿಗೆ ಮೂತಿ ತಾಗದಂತೆ, ದಿಣ್ಣೆಯ ನೆತ್ತಿಯಲ್ಲಿ ಹೊಟ್ಟೆ ಕೂರದಂತೆ ಅದು ಕಾಯುತ್ತದೆ; ದೊಡ್ಡ ಟಯರಿಗೆ ಎಡೆ ಮಾಡಿಕೊಡುತ್ತದೆ. ಆದರೆ ಉದ್ದಕ್ಕೂ ಹಬ್ಬಿದ ನಡುದಿಬ್ಬದ ರೋಗಕ್ಕೆ ಅದು ಮದ್ದಲ್ಲ.

ಅಚ್ಚನ್ನು ನಿಜವಾಗಿ ಏರಿಸುವುದು ಟಯರು. ಅಲ್ಲಿಯೂ ಲೆಕ್ಕ ಅರ್ಧದ್ದು. ವ್ಯಾಸ 28 ಅಂಗುಲದಿಂದ 31ಕ್ಕೆ ಏರಿದರೆ ಅಂತರ ಹೆಚ್ಚುವುದು ಒಂದೂವರೆ ಅಂಗುಲ. ಇದಕ್ಕೂ ಬೆಲೆ ತೆರಬೇಕು. ಗಾಲಿಯ ಒಂದು ಸುತ್ತಿಗೆ ಜೀಪು ನೂರಕ್ಕೆ 11ರಷ್ಟು ಹೆಚ್ಚು ದೂರ ಸಾಗುವುದರಿಂದ ಏರಿನಲ್ಲಿ ಎಂಜಿನ್ ಏದುಸಿರು ಬಿಡುತ್ತದೆ, ಬ್ರೇಕಿನ ಹಿಡಿತ ಅಷ್ಟೇ ಸಡಿಲವಾಗುತ್ತದೆ, ವೇಗಮಾಪಕವು 40 ತೋರಿಸುವಾಗ ನಿಜವಾದ ವೇಗ 44 ಆಗಿರುತ್ತದೆ.

ಚಕ್ರವನ್ನು ಬೆಳೆಸದೆ ಅಚ್ಚನ್ನು ಏರಿಸುವ ದಾರಿಯೂ ಒಂದಿದೆ. ಅಚ್ಚನ್ನು ಚಕ್ರದ ನಡುವಿಗೆ ತಾರದೆ, ಅದಕ್ಕಿಂತ ಮೇಲೆಯೇ ನಿಲ್ಲಿಸಿ, ಗಾಲಿಯ ಬಳಿ ಹಲ್ಲುಗಾಲಿಗಳ ಮೂಲಕ ಶಕ್ತಿಯನ್ನು ಕೆಳಗಿಳಿಸುವುದು. ಇದಕ್ಕೆ ಪೋರ್ಟಲ್ ಆ್ಯಕ್ಸಲ್ ಎಂದು ಹೆಸರು. ಇದರ ಪ್ರಸಿದ್ಧ ನಿದರ್ಶನವಾದ ಉನಿಮೋಗ್, ಯುದ್ಧಾನಂತರದ ಜರ್ಮನಿಯಲ್ಲಿ ಮೊದಲು ರೂಪುಗೊಂಡದ್ದು ರೈತನ ಹೊಲಕ್ಕಾಗಿ. ಅದರ ಎಡಬಲ ಗಾಲಿಗಳ ನಡುವಣ 1,270 ಮಿಲಿಮೀಟರ್ ಅಂತರ ಆಲೂಗಡ್ಡೆಯ ಎರಡು ಸಾಲುಗಳಿಗೆ ಹೊಂದುವಂತೆ ಗೊತ್ತುಮಾಡಿದ್ದು. ಬೆಳೆಗೆ ತಾಗದೆ ಸಾಗಬೇಕೆಂಬ ಬೇಸಾಯಗಾರನ ಅಗತ್ಯವೇ ಮುಂದೆ ಸೈನ್ಯಗಳಿಗೂ ಒದಗಿಬಂದಿತು. ಇಂಥ ಅಚ್ಚಿನ ಬೆಲೆಯೂ ತೂಕವೂ ಮಾತ್ರ ಬಾಡಿಗೆ ಜೀಪಿನ ಅಳವಿಗೆ ಮೀರಿದುವು.

ಬೆಲೆಗಳಲ್ಲಿ ಅತ್ಯಂತ ದೊಡ್ಡದು ಹಣದ್ದಲ್ಲ. ಎಡಬಲ ಗಾಲಿಗಳ ನಡುವೆ 48 ಅಂಗುಲ ಅಗಲವಿರುವ ಒಂದು ವಾಹನದ ಗುರುತ್ವಕೇಂದ್ರವು ನೆಲದಿಂದ 24 ಅಂಗುಲ ಮೇಲಿದೆಯೆಂದು ಭಾವಿಸೋಣ. ಲೆಕ್ಕದಲ್ಲಿ ಅದು ಮಗುಚುವುದು 45 ಡಿಗ್ರಿ ವಾಲಿದಾಗ. ಆ ಕೇಂದ್ರವು 3 ಅಂಗುಲ ಏರಿದರೆ ಮಿತಿಯು 42 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಪಟ್ಟಿಗಳ ತೂಗಾಟ, ತಿರುವಿನ ವೇಗ, ಹಿಂದೆ ತುಂಬಿ ನಿಂತ ಜನ, ಇವೆಲ್ಲ ಸೇರಿದರೆ ನಿಜವಾದ ಮಿತಿ ಇನ್ನೂ ಎಷ್ಟೋ ಕಡಿಮೆ. ಗಿಡ್ಡ ಜೀಪಿನ ಪ್ರೊಪೆಲ್ಲರ್ ಶಾಫ್ಟೂ ಗಿಡ್ಡದು. ಮೈ ಏರಿದಂತೆ ಅದರ ವಾಟ ಕಡಿದಾಗಿ ಜಾಯಿಂಟುಗಳು ಬೇಗ ಸವೆಯುತ್ತವೆ. ಸ್ಟಿಯರಿಂಗಿನ ಸಲಾಕೆಯೂ ಓರೆಯಾಗಿ, ಗುಂಡಿಗೆ ಬಿದ್ದಾಗ ಚಕ್ರ ತಾನಾಗಿ ತಿರುಗುವುದುಂಟು. ಬ್ರೇಕಿನ ಕೊಳವೆಯನ್ನು ಉದ್ದಮಾಡದಿದ್ದರೆ ಅದು ಸೆಟೆದು ಹರಿಯಬಹುದು. ಒಂದು ಬದಿ ಬರೆ, ಇನ್ನೊಂದು ಬದಿ ಕಂಗಿನ ತೋಟದ ಕಮರಿ ಇರುವ ದಾರಿಯಲ್ಲಿ ಇವು ಸಣ್ಣ ಮಾತುಗಳಲ್ಲ.

ಕಾನೂನಿನ ಮಾತೂ ಇದೆ. ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ತಡೆಯುತ್ತದೆ. ಕೇರಳದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅಪಘಾತವಾದ ಮೇಲೆ ವಿಮೆಯ ಪರಿಶೀಲಕನು ಮೊದಲು ನೋಡುವ ವಿಷಯಗಳಲ್ಲಿ ಇದೂ ಒಂದಾದರೆ ಆಶ್ಚರ್ಯವಿಲ್ಲ.

ಹಾಗಾದರೆ ದಿಬ್ಬಕ್ಕೆ ಏನು ಗತಿ? ಹಳಬ ಚಾಲಕರ ಉತ್ತರ ಗಟ್ಟಿ ಅಚ್ಚಿನ ಗುಣದಲ್ಲಿಯೇ ಅಡಗಿದೆ. ಆ ಅಚ್ಚಿನ ಒಂದು ಗಾಲಿ 6 ಅಂಗುಲ ಏರಿದರೆ ಅದರ ನಡುಭಾಗವೂ 3 ಅಂಗುಲ ಏರುತ್ತದೆ. ಗಾಲಿಗಳು ಬೇರೆ ಬೇರೆಯಾಗಿ ಆಡುವ ಹೊಸ ವಾಹನಗಳಲ್ಲಿ ಡಿಫರೆನ್ಷಿಯಲ್ ಚೌಕಟ್ಟಿಗೆ ಅಂಟಿಕೊಂಡಿರುವುದರಿಂದ, ಹೊರೆಗೆ ಮೈ ಕುಗ್ಗಿದಾಗ ಅದೂ ಕೆಳಗಿಳಿಯುತ್ತದೆ. ಗಟ್ಟಿ ಅಚ್ಚಿನಲ್ಲಿ ಟಯರು ತಗ್ಗುವಷ್ಟಲ್ಲದೆ ಬೇರೆ ಇಳಿಕೆಯಿಲ್ಲ. ಆದುದರಿಂದ ಬಲ್ಲವನು ದಿಬ್ಬವನ್ನು ಎರಡು ಗಾಲಿಗಳ ನಡುವೆ ಬಿಡುವುದಿಲ್ಲ. ದಾರಿಯ ಅಗಲವೂ ಓರೆಯೂ ಅನುಮತಿಸಿದಲ್ಲಿ ಒಂದು ಗಾಲಿಯನ್ನು ದಿಬ್ಬದ ಮೇಲೆ, ಇನ್ನೊಂದನ್ನು ಜಾಡಿನ ಹೊರ ಅಂಚಿನ ಮೇಲೆ ಇರಿಸಿ ಮೆಲ್ಲನೆ ಇಳಿಯುತ್ತಾನೆ. ವಿಲ್ಲಿಸ್ ಮಾದರಿಯಲ್ಲಿ ಗಡಿಗೆಯು ನಟ್ಟನಡುವೆ ಇಲ್ಲ, ಬಲಕ್ಕೆ ಸರಿದಿದೆ. ತನ್ನ ಜೀಪಿನಲ್ಲಿ ಅದು ಎಲ್ಲಿದೆಯೆಂದು ಒಮ್ಮೆ ಬಗ್ಗಿ ನೋಡಿದವನಿಗೆ ಕಲ್ಲನ್ನು ಯಾವ ಬದಿಗೆ ಬಿಡಬೇಕೆಂಬುದು ತಿಳಿದಿರುತ್ತದೆ. ಏರಿಸಲಾಗದ ಗಡಿಗೆಯ ಅಡಿಗೆ ಉಕ್ಕಿನ ಕಾಪುಹಲಗೆಯನ್ನು ತೊಡಿಸುವುದು ಅಗ್ಗದ, ನಿರಪಾಯದ ಕೆಲಸ.

ಎಲ್ಲಕ್ಕಿಂತ ಅಗ್ಗದ ಅಂತರವು ಗುದ್ದಲಿ-ಹಾರೆಗಳಲ್ಲಿದೆ. ಮಳೆಗೆ ಮುನ್ನ ನೀರನ್ನು ಜಾಡಿನಿಂದ ಬದಿಗೆ ತಿರುಗಿಸುವ ಅಡ್ಡಚರಂಡಿಗಳನ್ನು ಕಡಿದರೆ, ಮಳೆ ನಿಂತ ಮೇಲೆ ನಡುದಿಬ್ಬವನ್ನು ಕೆತ್ತಿ ಆ ಮಣ್ಣುಕಲ್ಲುಗಳಿಂದಲೇ ಜಾಡನ್ನು ತುಂಬಿದರೆ, ಆ ದಾರಿಯಲ್ಲಿ ಹೋಗುವ ಪ್ರತಿಯೊಂದು ಜೀಪಿಗೂ ನಾಲ್ಕು ಅಂಗುಲ ಒಮ್ಮೆಗೇ ದೊರೆಯುತ್ತದೆ. ಅದಕ್ಕೆ ಬೇಕಾದುದು ಹತ್ತು ಮನೆಗಳವರ ಒಂದು ದಿನದ ದುಡಿಮೆ. ಜೀಪನ್ನು ಏರಿಸಿದವನು ತನ್ನೊಬ್ಬನ ವಾಹನವನ್ನು ಏರಿಸುತ್ತಾನೆ. ದಿಬ್ಬವನ್ನು ಇಳಿಸಿದವರು ನಡುರಾತ್ರಿಯ ರೋಗಿಗೂ ದಾರಿ ಮಾಡಿಕೊಡುತ್ತಾರೆ.